ತಮ್ಮನ ಫೋನಿನಲ್ಲಿ ಅಕ್ಕನ ಸಕ್ಕರೆ

ಕುಸುಮಾಗೆ ಸಕ್ಕರೆ ಕಾಯಿಲೆ ಬಂದಾಗ ಹೇರೋಹಳ್ಳಿ ಇನ್ನೂ ಬೆಂಗಳೂರಿನ ಹೊರಗಿತ್ತು. ಈಗ ಬಾಡಿಗೆ ಮನೆಗಳು ಒಂದರ ತಲೆಯ ಮೇಲೊಂದು ನಿಂತಿರುವ ಜಾಗದಲ್ಲಿ ಅವಳ ಅಪ್ಪ ಮರಿಯಪ್ಪ ರಾಗಿ, ಅವರೆ ಬೆಳೆಯುತ್ತಿದ್ದ. ಅವಳು ಆಗ ಆರನೇ ಕ್ಲಾಸು. ಸ್ಕೂಲಿನಿಂದ ಬಂದವಳೇ ಚೊಂಬಿನ ಮೇಲೆ ಚೊಂಬು ನೀರು ಕುಡಿಯುತ್ತಿದ್ದಳು. ತಟ್ಟೆ ತುಂಬ ಉಂಡರೂ ದಿನದಿನಕ್ಕೆ ಕಡ್ಡಿಯಾಗುತ್ತಿದ್ದಳು. ದೃಷ್ಟಿಯಾಗಿರಬೇಕೆಂದು ತಾಯಿ ಮುನಿತಾಯಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಜಂತುಹುಳ ಇರಬೇಕೆಂದು ಪಕ್ಕದ ಮನೆಯವರು ಯಾವುದೋ ಔಷಧಿ ಕೊಟ್ಟರು. ಕೊನೆಗೊಂದು ಬೆಳಿಗ್ಗೆ ಹುಡುಗಿ ಎಬ್ಬಿಸಿದರೂ ಏಳಲಿಲ್ಲ. ಏದುಸಿರು ಬಿಡುತ್ತಿದ್ದಳು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಮರಿಯಪ್ಪ ಹಾಲಿನ ವ್ಯಾನು ಅಡ್ಡಹಾಕಿ, ಮಗಳನ್ನು ಕ್ಯಾನುಗಳ ನಡುವೆ ಮಲಗಿಸಿಕೊಂಡು ದೊಡ್ಡಾಸ್ಪತ್ರೆಗೆ ಓಡಿದ.

ಜೀವ ಉಳಿಯಿತು. ಆದರೆ ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತುಹೋಗಿದೆ, ಇನ್ನು ಬದುಕಿರುವಷ್ಟು ದಿನವೂ ಸೂಜಿಯಲ್ಲೇ ಕೊಡಬೇಕು ಎಂದು ಡಾಕ್ಟರು ಹೇಳಿದರು. ಮುನಿತಾಯಮ್ಮನಿಗೆ ಓದು ಬರದು. ವಾರ್ಡಿನ ನರ್ಸಮ್ಮ ಸಿರಿಂಜಿನ ಗೆರೆಗಳನ್ನು ತೋರಿಸಿ, ಬೆಳಿಗ್ಗೆ ಇಲ್ಲಿಯವರೆಗೆ, ಸಂಜೆ ಇಲ್ಲಿಯವರೆಗೆ ಎಂದು ಹೇಳಿಕೊಟ್ಟಳು. ಮುನಿತಾಯಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬದನೆಕಾಯಿಗೆ ನೀರು ಚುಚ್ಚಿ ಚುಚ್ಚಿ ಕೈ ಪಳಗಿಸಿಕೊಂಡಳು. ಅಂದಿನಿಂದ ಮಗಳನ್ನು ಕಣ್ಣಳತೆ ದಾಟಲು ಬಿಡಲಿಲ್ಲ.

ಸ್ಕೂಲಿನವರೆಲ್ಲ ಮೈಸೂರಿಗೆ ಟೂರು ಹೊರಟಾಗ ಕುಸುಮಾ ಬಸ್ಸಿಗೆ ಕೈ ಬೀಸಿ ಮನೆಗೆ ಬಂದಳು. ಮದುವೆಮನೆಯಲ್ಲಿ ಎಲೆಯ ಮುಂದೆ ಕೂತರೆ, ಒಬ್ಬಟ್ಟು ಬಡಿಸುವವನಿಗೆ ಹಿಂದಿನಿಂದ ಯಾರಾದರೊಬ್ಬರು "ಆ ಹುಡುಗಿಗೆ ಬೇಡ ಕಣಪ್ಪಾ" ಎಂದು ಕೂಗುತ್ತಿದ್ದರು. ಬಚ್ಚಲಮನೆಗೆ ಹೋದರೆ ಚಿಲಕ ಹಾಕಿಕೊಳ್ಳುವಂತಿರಲಿಲ್ಲ. ಸಕ್ಕರೆ ಇಳಿದು ಒಳಗೇ ಬಿದ್ದುಬಿಟ್ಟರೆ ಏನು ಗತಿ ಎಂದು ತಾಯಿ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದಳು. ರಾತ್ರಿ ಎದ್ದು ಬಂದು ಹಣೆ ಮುಟ್ಟಿ, ಬೆವರಿದೆಯೇ ಎಂದು ನೋಡಿ ಹೋಗುತ್ತಿದ್ದಳು. ಅದು ಎಷ್ಟು ರೂಢಿಯಾಯಿತೆಂದರೆ, ಆ ಕೈ ಬರುವ ಮೊದಲೇ ಕುಸುಮಾಗೆ ಎಚ್ಚರವಾಗಿ, ನಿದ್ದೆ ಬಂದವಳ ಹಾಗೆ ಮಲಗಿರುತ್ತಿದ್ದಳು.

ಮದುವೆಯ ಮಾತೂ ಬಂದು ಹೋಯಿತು. ಮೊದಲು ಬಂದವರಿಗೆ ಮರಿಯಪ್ಪ ಇದ್ದದ್ದು ಇದ್ದ ಹಾಗೆ ಹೇಳಿದ. ಅವರು ಕಾಫಿ ಕುಡಿದು ಎದ್ದುಹೋದವರು ತಿರುಗಿ ನೋಡಲಿಲ್ಲ. ಎರಡನೇ ಸಲ ನೆಲಮಂಗಲದ ಕಡೆಯವರು ಬಂದಾಗ, ಈಗ ಬಾಯಿಬಿಡುವುದು ಬೇಡ, ತಾಳಿ ಕಟ್ಟಿದ ಮೇಲೆ ಹೇಳಿದರಾಯಿತು ಎಂದು ನೆಂಟರಿಷ್ಟರು ತೀರ್ಮಾನಿಸಿದರು. ಕುಸುಮಾ ತಟ್ಟೆ ಹಿಡಿದು ಹೊರಗೆ ಬಂದವಳು, ಹುಡುಗನ ಮುಂದೆ ನಿಂತು, "ನಾನು ದಿನಾ ಇನ್ಸುಲಿನ್ ಚುಚ್ಕೋತೀನಿ, ನಿಮಗೆ ಗೊತ್ತಿರಲಿ" ಎಂದುಬಿಟ್ಟಳು. ಆಮೇಲೆ ಯಾರೂ ಬರಲಿಲ್ಲ. ಯಾರೂ ಹುಡುಕಲೂ ಇಲ್ಲ. ಅದರ ಬಗ್ಗೆ ಅವಳಿಗೆ ಅಂಥ ಸಂಕಟವೇನೂ ಇರಲಿಲ್ಲ. ಸಂಕಟವಿದ್ದದ್ದು, ಅಂದಿನಿಂದ ಮನೆಯವರೆಲ್ಲ ಅವಳ ಬದುಕು ಇಷ್ಟೇ ಎಂದು ನಿರಾಳವಾಗಿಬಿಟ್ಟರಲ್ಲ, ಅದಕ್ಕೆ.

ಬಿ.ಕಾಂ. ಮುಗಿಸಿ ಸುಮಾರು ವರ್ಷ ಮನೆಯಲ್ಲೇ ಕೂತು, ಕೊನೆಗೆ ಹಟ ಹಿಡಿದು, ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಅಂಗಡಿಯ ಯಜಮಾನ ಶ್ಯಾಮಸುಂದರ ವಯಸ್ಸಾದವರು, ಮಾತು ಕಡಿಮೆ. ಫ್ರೇಮಿನ ಕಾಲು ಬಗ್ಗಿಸಿ ಕಿವಿಗೆ ಕೂರಿಸುವುದು, ಮೂಗಿನ ಮೇಲಿನ ದಿಂಬು ಬದಲಿಸುವುದು, ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯುವುದು, ಎಲ್ಲವನ್ನೂ ಅವರೇ ಕಲಿಸಿದರು. ಕುಸುಮಾಗೆ ಆ ಕೆಲಸ ಹಿಡಿಸಿತು. ಬೇರೆಯವರ ಮುಖವನ್ನು ಅಷ್ಟು ಹತ್ತಿರದಿಂದ ನೋಡುತ್ತ, ಅವರ ಕಿವಿಯ ಹಿಂದೆ ಬೆರಳಿಟ್ಟು, "ಇಲ್ಲಿ ಒತ್ತುತ್ತಾ? ಈಗ ಸರಿ ಇದ್ಯಾ?" ಎಂದು ತಾನು ವಿಚಾರಿಸುವ ಒಂದೇ ಜಾಗ ಅದಾಗಿತ್ತು. ಮಿಕ್ಕ ಕಡೆಯೆಲ್ಲ ಬೇರೆಯವರೇ ಅವಳನ್ನು ವಿಚಾರಿಸುತ್ತಿದ್ದರು.

ಮರಿಯಪ್ಪ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆ ತಮ್ಮ ಭೈರೇಶನಿಗೆ ಬಂತು. ಅಕ್ಕನಿಗಿಂತ ನಾಲ್ಕು ವರ್ಷ ಚಿಕ್ಕವನು, ಮಾಗಡಿ ರಸ್ತೆಯ ಉದ್ದಕ್ಕೂ ಸೈಟು ಮಾರಿಸುವ, ಮನೆ ಕಟ್ಟಿಸುವ ವ್ಯವಹಾರ. ಕೆಟ್ಟವನಲ್ಲ. ಅಕ್ಕ ಎಂದರೆ ಪ್ರಾಣ. ಚಿಕ್ಕಂದಿನಲ್ಲಿ ಅಕ್ಕ ಮಂಕಾಗಿ ಕೂತದ್ದು ಕಂಡರೆ ಸಾಕು, ಅಡುಗೆಮನೆಗೆ ಓಡಿ ಸಕ್ಕರೆ ಡಬ್ಬವನ್ನೇ ಎತ್ತಿಕೊಂಡು ಬರುತ್ತಿದ್ದ. ದೊಡ್ಡವನಾದ ಮೇಲೂ ಅವನ ಪ್ರೀತಿ ಅಲ್ಲೇ ನಿಂತಿತ್ತು. ಅಕ್ಕ ಎಂದರೆ ಯಾವ ಗಳಿಗೆಯಲ್ಲಾದರೂ ಬಿದ್ದುಹೋಗಬಹುದಾದ ವಸ್ತು.

ಕಳೆದ ವರ್ಷ ಅವಳು ನಿಜವಾಗಿಯೂ ಬಿದ್ದಳು. ಬೆಳಿಗ್ಗೆ ಇನ್ಸುಲಿನ್ ಹಾಕಿಕೊಂಡು, ಅರ್ಧಂಬರ್ಧ ತಿಂಡಿ ತಿಂದು ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ನಿಂತಿದ್ದಳು. ಮೊದಲೆಲ್ಲ ಸಕ್ಕರೆ ಇಳಿದರೆ ಕೈ ನಡುಗುತ್ತಿತ್ತು, ಎದೆ ಹೊಡೆದುಕೊಳ್ಳುತ್ತಿತ್ತು. ಬರಬರುತ್ತ ಆ ಸೂಚನೆಗಳೆಲ್ಲ ಮಾಯವಾಗಿದ್ದವು. ಕಣ್ಣು ಬಿಟ್ಟಾಗ ಫುಟ್‌ಪಾತಿನ ಮೇಲಿದ್ದಳು. ಫಿಟ್ಸ್ ಇರಬೇಕೆಂದು ಯಾರೋ ಕೈಯೊಳಗೆ ಬೀಗದ ಕೈ ಗೊಂಚಲು ತುರುಕಿದ್ದರು. ಒಬ್ಬ ಹೆಂಗಸು ಮುಖಕ್ಕೆ ನೀರು ಎರಚುತ್ತಿದ್ದಳು. ಭೈರೇಶ ಕಾರು ತಂದು, ಜನರ ನಡುವಿಂದ ಅವಳನ್ನು ಎತ್ತಿಕೊಂಡು ಹೋದ. ಮನೆ ಬಾಗಿಲಲ್ಲಿ ಇಳಿಸಿ ಹೇಳಿದ:

"ಸಾಕು ಬಿಡಕ್ಕ ಆ ಕೆಲ್ಸ. ನಿನಗೇನು ಕಮ್ಮಿ ಆಗಿದೆ ಇಲ್ಲಿ?"

"ಕೆಲ್ಸ ಬಿಡಲ್ಲ."

"ನಾಳೆ ರೋಡ್ ಮಧ್ಯ ಬಿದ್ರೆ? ಬಸ್ ಮೈಮೇಲೆ ಹತ್ತಿಸ್ಬಿಟ್ರೆ? ಅಮ್ಮನಿಗೆ ನಾನೇನ್ ಹೇಳ್ಲಿ?"

ಬಿದ್ದದ್ದು ಅವನಿಗಿಂತ ಹೆಚ್ಚಾಗಿ ಅವಳನ್ನೇ ಹೆದರಿಸಿತ್ತು.

ಪಂಪಿನ ಮಾತು ಎತ್ತಿದವರು ರಾಜಾಜಿನಗರದ ಕ್ಲಿನಿಕ್ಕಿನ ಡಾಕ್ಟರ್ ಭುವನೇಶ್ವರಿ. ಕೊಪ್ಪಳದ ಕಡೆಯವರು, ಬೆಂಗಳೂರಿಗೆ ಬಂದು ಎಷ್ಟೋ ವರ್ಷವಾದರೂ ಮಾತು ಅಲ್ಲಿಯದೇ. ಅಕ್ಕ ತಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮೇಜಿನ ಮೇಲೆ ಎರಡು ಪುಟ್ಟ ಯಂತ್ರಗಳನ್ನಿಟ್ಟರು. ಒಂದೊಂದೂ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು.

"ನೋಡ್ರಿ, ಎರಡೂ ಸೊಂಟಕ್ಕ ಸಿಗಿಸ್ಕೊಳ್ಳೋದ. ಸಣ್ಣ ನಳಿಗಿ ಹೊಟ್ಟಿ ಚರ್ಮದೊಳಗ ಇರ್ತದ, ಇಪ್ಪತ್ನಾಕು ತಾಸೂ ಹನಿ ಹನಿ ಇನ್ಸುಲಿನ್ ಹೋಗ್ತದ. ಇದು ಸಾದಾ ಪಂಪ್. ನೀವು ಹೇಳಿದಷ್ಟು ಹಾಕ್ತದ, ಹೆಚ್ಚಿಂದೇನೂ ಅದಕ್ಕ ಗೊತ್ತಾಗೂದಿಲ್ಲ. ಇದು ಮಾತ್ರ ಹೊಸಾದು. ತೋಳಿಗೆ ಒಂದು ಸೆನ್ಸರ್ ಹಚ್ತೀವಿ. ಅದು ಸಕ್ಕರೆ ನೋಡ್ಕೋತ ಇರ್ತದ. ಇಳೀಲಿಕ್ಕೆ ಶುರು ಆದ್ರ ಪಂಪ್ ತಾನಾಗೇ ಇನ್ಸುಲಿನ್ ನಿಲ್ಲಸ್ತದ. ನಿಮಗ ಇಳಿಯೂದು ತಿಳೀವಲ್ದು. ಅದಕ್ಕ ನಿಮಗ ಇದ ಚಲೋ."

ಭೈರೇಶ ಕುರ್ಚಿಯ ತುದಿಗೆ ಬಂದ. "ಮೇಡಂ, ಇದು ನನ್ನ ಫೋನಿಗೂ ಬರುತ್ತಂತಲ್ಲ? ಯೂಟ್ಯೂಬಲ್ಲಿ ನೋಡ್ದೆ. ನಾನು ಎಲ್ಲೇ ಇರ್ಲಿ, ಅಕ್ಕಂದು ಎಷ್ಟಿದೆ ಅಂತ ಗೊತ್ತಾಗುತ್ತೆ ಅಲ್ವಾ?"

"ಬರ್ತದ್ರೀ. ಅವರು ಒಪ್ಪಿದ್ರ."

"ಒಪ್ಪದೇ ಏನು ಮೇಡಂ!" ಎಂದು ಅವನು ನಕ್ಕ.

ಕುಸುಮಾ ಎರಡನ್ನೂ ಕೈಗೆತ್ತಿಕೊಂಡು ನೋಡಿದಳು. ಹೊಸದು ಸಾದಾ ಪಂಪಿಗಿಂತ ಹಗುರ. ಅವಳು ತಲೆಯೆತ್ತದೆ ಕೇಳಿದಳು:

"ಡಾಕ್ಟ್ರೇ, ಈ ಹೊಸದನ್ನ ಹಾಕ್ಕೊಂಡು, ನಂಬರು ಯಾರಿಗೂ ಕಾಣದೇ ಇರೋ ಹಾಗೆ ಇಟ್ಕೋಬಹುದಾ?"

ಭೈರೇಶನ ನಗು ಅಲ್ಲಿಗೇ ನಿಂತಿತು. ಡಾಕ್ಟರು ಇಬ್ಬರ ಮುಖವನ್ನೂ ನೋಡಿ, "ಇಟ್ಕೋಬಹುದು" ಎಂದಷ್ಟೇ ಹೇಳಿದರು. ತೆಗೆದುಕೊಳ್ಳುವ ಮೊದಲು ಹೊಸದನ್ನು ಎರಡು ವಾರ ಹಾಕಿಕೊಂಡು ನೋಡಲಿ, ಆಮೇಲೆ ತೀರ್ಮಾನ ಮಾಡೋಣ ಎಂದರು.

ಕ್ಲಿನಿಕ್ಕಿನ ಹುಡುಗಿಯ ಕೈಯಿಂದ ಫೋನುಗಳನ್ನು ಇಸಕೊಂಡು ಜೋಡಿಸಿದವನು ಭೈರೇಶನೇ. ಪಂಪಿನ ಆಪಿನಲ್ಲಿ ಅಕ್ಕನ ಖಾತೆಗೆ ತನ್ನದೇ ಇಮೇಲು ಹಾಕಿದ, ಪಾಸ್‌ವರ್ಡೂ ತನ್ನದೇ. ಕಾರಿನಲ್ಲಿ ವಾಪಸು ಬರುವಾಗ ಷರತ್ತು ಹೇಳಿದ. ಪಂಪು ಹಾಕಿಕೊಂಡು, ನಂಬರು ತನ್ನ ಫೋನಿಗೆ ಬರುವುದಾದರೆ ಕೆಲಸಕ್ಕೆ ಹೋಗಲಿ, ತಾನು ಅಡ್ಡ ಬರುವುದಿಲ್ಲ. ಇಲ್ಲವೆಂದರೆ ಮನೆಯಲ್ಲಿರಲಿ.

"ನಿನ್ನ ಒಳ್ಳೇದಕ್ಕೇ ಅಲ್ವೇನಕ್ಕ ಹೇಳ್ತಿರೋದು?"

ಅವನು ಹೇಳುತ್ತಿದ್ದುದು ಅವಳ ಒಳ್ಳೆಯದಕ್ಕೇ. ಅದೇ ಅವಳನ್ನು ಕಟ್ಟಿಹಾಕಿದ್ದು. ಬೈಯುವವರ ಮೇಲೆ ತಿರುಗಿ ಬೀಳಬಹುದು, ಇವನ ಮೇಲೆ ಹೇಗೆ ಬೀಳುವುದು?

ಮೊದಲ ನಾಲ್ಕೈದು ದಿನ ಅವಳಿಗೆ ಕಾಯಿಲೆಯೇ ಮರೆತಂತಾಯಿತು. ಹನ್ನೊಂದರ ವಯಸ್ಸಿನಿಂದ ಗಡಿಯಾರ ನೋಡಿ ಉಂಡವಳು, ಗಿರಾಕಿಗಳು ಹೆಚ್ಚಿದ್ದ ಒಂದು ದಿನ ಮಧ್ಯಾಹ್ನದ ಊಟವನ್ನು ಮೂರು ಗಂಟೆಗೆ ಮಾಡಿದಳು, ಏನೂ ಆಗಲಿಲ್ಲ. ಅಂಗಡಿಯ ಕನ್ನಡಿಯಲ್ಲಿ ಚೂಡಿದಾರದ ಅಂಚೆತ್ತಿ ಸೊಂಟದ ಪಂಪನ್ನು ನೋಡಿಕೊಂಡಳು. ಶ್ಯಾಮಸುಂದರ ಅವರು ಕಂಡೂ ಕಾಣದವರಂತೆ, "ಫೋನ್ ಬಂತು ನೋಡಮ್ಮ" ಎಂದರು.

ಫೋನು ಬರುತ್ತಲೇ ಇತ್ತು. ತಿಂಡಿ ತಿಂದು ಸಕ್ಕರೆ ಸ್ವಲ್ಪ ಏರಿದರೆ, "ಏನ್ ತಿಂದೆ ಅಕ್ಕ? ಫೋನಲ್ಲಿ ಬಾಣ ಮೇಲಕ್ಕೆ ತೋರಿಸ್ತಿದೆ." ಬಸ್ಸು ಹಿಡಿಯಲು ಓಡಿ ಸಕ್ಕರೆ ಇಳಿದರೆ, "ಎಲ್ಲಿದೀಯ? ಜ್ಯೂಸ್ ಕುಡಿ ಬೇಗ." ಗಿರಾಕಿಯೊಬ್ಬರ ಕಣ್ಣಿಗೆ ಅಳತೆಪಟ್ಟಿ ಹಿಡಿದಿರುವಾಗ ಫೋನು ಎತ್ತದಿದ್ದರೆ ಅಂಗಡಿಯ ಲ್ಯಾಂಡ್‌ಲೈನಿಗೆ ಮಾಡುತ್ತಿದ್ದ. ಭೈರೇಶನ ಹೆಂಡತಿ ಶಿಲ್ಪಾ ಊಟಕ್ಕೆ ಬಡಿಸುತ್ತ, "ಮಧ್ಯಾಹ್ನ ಇನ್ನೂರ ಹತ್ತು ಆಗಿತ್ತಂತೆ ಅಕ್ಕ, ಇವ್ರು ಹೇಳಿದ್ರು" ಎನ್ನುತ್ತಿದ್ದಳು. ಚಿಕ್ಕಂದಿನಿಂದ ಅವಳ ಹೊರಮೈಯನ್ನಷ್ಟೇ ಕಾಯುತ್ತಿದ್ದ ಮನೆ ಈಗ ಚರ್ಮದ ಒಳಗೂ ಬಂದು ಕೂತಂತೆ ಅವಳಿಗೆ ಅನ್ನಿಸತೊಡಗಿತು.

ಅವಳಿಗೆ ಒಂದೇ ಒಂದು ಗುಟ್ಟಿತ್ತು. ಭಾನುವಾರ ಅಂಗಡಿ ಅರ್ಧ ದಿನ. ಮನೆಯಲ್ಲಿ ಅದನ್ನು ಪೂರ್ತಿ ದಿನವೆಂದು ಹೇಳಿದ್ದಳು. ಮಧ್ಯಾಹ್ನ ವಿಜಯನಗರಕ್ಕೆ ಹೋಗಿ ಮೆಟ್ರೋ ಹತ್ತಿ, ಕೆಂಗೇರಿಯ ಆಚೆ ಕೊನೆಯ ನಿಲ್ದಾಣದವರೆಗೆ ಹೋಗಿ, ಪ್ಲಾಟ್‌ಫಾರಂ ಬದಲಿಸಿ ವಾಪಸು ಬರುತ್ತಿದ್ದಳು. ಅಷ್ಟೇ. ಕಿಟಕಿಯ ಪಕ್ಕ ಸಿಕ್ಕರೆ ಕೂರುವುದು, ಇಲ್ಲದಿದ್ದರೆ ಬಾಗಿಲ ಹತ್ತಿರ ನಿಲ್ಲುವುದು. ನಾಯಂಡಹಳ್ಳಿ ದಾಟುವಾಗ ಕೆಳಗೆ ವೃಷಭಾವತಿ ಕಪ್ಪಗೆ ಹರಿಯುವುದನ್ನು ನೋಡುವುದು. ಯಾರೂ ಏನೂ ಕೇಳದ ಒಂದು ಗಂಟೆ.

ಆ ಭಾನುವಾರವೂ ಹೋದಳು. ಜ್ಞಾನಭಾರತಿ ಹತ್ತಿರ ಪಂಪು ಕುಂಯ್‌ಗುಟ್ಟಿತು, ಸಕ್ಕರೆ ಇಳಿಯುತ್ತಿತ್ತು. ಅವಳು ಚೀಲದಿಂದ ಗ್ಲೂಕೋಸ್ ಮಾತ್ರೆ ತೆಗೆದು ಬಾಯಿಗೆ ಹಾಕಿಕೊಂಡಳು. ಪಂಪು ಆಗಲೇ ಇನ್ಸುಲಿನ್ ನಿಲ್ಲಿಸಿತ್ತು. ಮೈ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಫೋನು.

"ತಿಂದೆ ಕಣೋ, ಏನೂ ಆಗಿಲ್ಲ, ಅಂಗಡೀಲೇ ಇದೀನಿ" ಎನ್ನುತ್ತಿರುವಾಗಲೇ ತಲೆಯ ಮೇಲಿನ ಸ್ಪೀಕರಿನಲ್ಲಿ, ಮುಂದಿನ ನಿಲ್ದಾಣ ಪಟ್ಟಣಗೆರೆ, ಬಾಗಿಲುಗಳು ಎಡಕ್ಕೆ ತೆರೆಯುತ್ತವೆ ಎಂಬ ದನಿ ಬಂತು.

"ಅಂಗಡೀಲಾ?" ಎಂದ ಭೈರೇಶ.

ಮನೆಗೆ ಬಂದಾಗ ನಡುಮನೆಯಲ್ಲಿ ಮೂವರೂ ಕಾಯುತ್ತಿದ್ದರು. ತಾಯಿ ಕಂಬಕ್ಕೊರಗಿ ಕೂತಿದ್ದಳು. ಶಿಲ್ಪಾ ಅಡುಗೆಮನೆಯ ಬಾಗಿಲಲ್ಲಿ.

"ಯಾರ ಜೊತೆ ಹೋಗಿದ್ದೆ?" ಭೈರೇಶ ಕೇಳಿದ.

"ಯಾರ ಜೊತೇನೂ ಇಲ್ಲ. ಒಬ್ಳೇ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಹೋಗಿ ಬಂದೆ ಅಷ್ಟೇ."

"ಸುಮ್ಮಸುಮ್ನೆ ಯಾರಾದ್ರೂ ಮೆಟ್ರೋದಲ್ಲಿ ಓಡಾಡ್ತಾರಾ ಅಕ್ಕ? ನಾನೇನು ಚಿಕ್ಕ ಹುಡುಗಾನಾ? ಯಾರಾದ್ರೂ ಇದ್ರೆ ಹೇಳು, ನಾನೇ ಹೋಗಿ ಮಾತಾಡ್ತೀನಿ. ಈ ವಯಸ್ಸಲ್ಲಾದ್ರೂ ಆಗ್ಲಿ, ನಂಗೇನೂ ಬೇಜಾರಿಲ್ಲ."

ಅವನು ದೊಡ್ಡ ಮನಸ್ಸಿನಿಂದಲೇ ಹೇಳಿದ್ದ. ಕುಸುಮಾಗೆ ಆ ಕ್ಷಣ, ನಿಜವಾಗಿಯೂ ಯಾರಾದರೂ ಇದ್ದಿದ್ದರೆ ಚೆನ್ನಾಗಿತ್ತು, ಒಂದು ಹೆಸರು ಹೇಳಿ ಮುಗಿಸಬಹುದಿತ್ತು ಅನ್ನಿಸಿತು. ಏನೂ ಇಲ್ಲ, ಸುಮ್ಮನೆ ಒಬ್ಬಳೇ ಇರಬೇಕಿತ್ತು ಎಂದರೆ ಈ ಮನೆಯಲ್ಲಿ ಯಾರಿಗೂ ಅರ್ಥವಾಗುವಂತಿರಲಿಲ್ಲ. ಅವಳು ಒಳಗೆ ಹೋಗಿ ಬಟ್ಟೆ ಬದಲಾಯಿಸಿದಳು. ಬಾಗಿಲಾಚೆ ತಾಯಿ ಬಂದು ಕೂತ ಸದ್ದು ಕೇಳಿಸಿತು.

ಎರಡು ವಾರ ಮುಗಿಯುತ್ತಿದ್ದಂತೆ, ಭೈರೇಶನಿಗೆ ತಿಳಿಸದೆ, ಅಂಗಡಿಯಿಂದಲೇ ಆಟೋ ಹಿಡಿದು ಡಾಕ್ಟರ ಹತ್ತಿರ ಹೋದಳು. ಪಂಪು ಬಿಚ್ಚಿ ಮೇಜಿನ ಮೇಲಿಟ್ಟಳು.

"ಸಾದಾದು ಕೊಡಿ ಡಾಕ್ಟ್ರೇ. ಇಲ್ದಿದ್ರೆ ಮೊದಲಿನ ಇನ್ಸುಲಿನ್ ಪೆನ್ನೇ ಸಾಕು."

ಡಾಕ್ಟರು ಎರಡು ವಾರದ ಅಂಕಿಗಳ ಗೆರೆಯನ್ನು ಪರದೆಯ ಮೇಲೆ ತೋರಿಸಿದರು. ಮೊದಲು ಬೆಟ್ಟ ಕಣಿವೆಗಳಿದ್ದ ಕಡೆ ಈಗ ಸಣ್ಣ ಅಲೆಗಳಿದ್ದವು.

"ಇಂಥಾದ್ದು ನಿಮಗ ಯಾವತ್ತೂ ಬಂದಿಲ್ಲ. ಸಾದಾ ಪಂಪ್ ಕೊಡ್ತೀನಿ, ಬ್ಯಾಡ ಅನ್ನೂದಿಲ್ಲ. ಆದ್ರ ಬಸ್ ಸ್ಟಾಪಿನಾಗ ಬಿದ್ರಲ್ಲ, ಅದು ಮತ್ತ ಆದ್ರ ಅದಕ್ಕ ತಿಳಿಯೂದಿಲ್ಲ ನೋಡ್ರಿ." ಮೇಜಿನ ಮೇಲಿನ ಪಂಪನ್ನು ಅವಳತ್ತ ಸರಿಸಿ, "ನಿಮ್ಮ ತಮ್ಮಗ ನಂಬರ್ ಹೋಗೂದನ್ನ ಬಂದ್ ಮಾಡ್ರಿ. ಅದು ನಿಮ್ಮ ಹಕ್ಕು" ಎಂದರು.

"ಬಂದ್ ಮಾಡಿದ್ರೆ ಕೆಲ್ಸ ಬಿಡಿಸ್ತಾನೆ. ಸಾದಾದಾದ್ರೆ ಅದ್ರಲ್ಲಿ ನಂಬರು ಬರೋದೇ ಇಲ್ಲ ಅಂತ ಹೇಳ್ಕೋಬಹುದು. ಅವನು ದುಡ್ಡು ಕೊಡದೆ ಇದನ್ನ ತಗೊಳ್ಳೋ ಶಕ್ತಿ ನನಗಿಲ್ಲ."

ಡಾಕ್ಟರ ಹತ್ತಿರ ಅದಕ್ಕೆ ಔಷಧಿಯಿರಲಿಲ್ಲ. ಇನ್ನೆರಡು ದಿನ ಯೋಚಿಸಿ ಬರುವಂತೆ ಹೇಳಿ, ಪಂಪನ್ನು ಅವಳ ಕೈಯಲ್ಲೇ ವಾಪಸು ಇಟ್ಟರು.

ಮಾರನೆಯ ದಿನ ರಜೆ. ಮಹಡಿಯ ಮೇಲೆ ಬಿಸಿಲಿಗೆ ಕೂತು ತಾಯಿ ಮಗಳು ಹಿತಕಬೇಳೆಗೆ ಅವರೆಕಾಳು ಹಿಸುಕುತ್ತಿದ್ದರು. ನೆನೆದ ಕಾಳು ಸಿಪ್ಪೆಯಿಂದ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ಕುದೂರಿನಿಂದ ಚಿಕ್ಕಮ್ಮ ಫೋನು ಮಾಡಿದ್ದಳಂತೆ, ಹೊಸಮನೆಯ ಗೃಹಪ್ರವೇಶಕ್ಕೆ ಬಂದು ಒಂದು ವಾರ ಇದ್ದುಹೋಗು ಎಂದು.

"ಹೋಗಿ ಬಾಮ್ಮ" ಎಂದಳು ಕುಸುಮಾ.

"ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ? ಬೆಳಿಗ್ಗೆ ಹೋಗಿ ಸಂಜೆ ಬಂದ್ಬಿಡ್ತೀನಿ."

"ಯಾವಾಗ್ಲೂ ಹಂಗೇ ಮಾಡ್ತೀಯ."

"ಇನ್ನೇನ್ ಮಾಡ್ಲಿ? ನಮ್ಮವ್ವ ಸತ್ತಾಗ್ಲೂ ಹಂಗೇ ಬಂದೆ." ಮುನಿತಾಯಮ್ಮ ಕಾಳಿನಿಂದ ಕಣ್ಣೆತ್ತಲಿಲ್ಲ. "ಹೆಣ ಎತ್ತಿದ್ರು. ಇತ್ಲಾಗೆ ನಾನು ಬಸ್ ಹತ್ತಿದೆ. ನಿಂಗೆ ಸಂಜೆ ಸೂಜಿ ಹೊತ್ತಾಯ್ತಿತ್ತು. ನಿಮ್ಮಪ್ಪನಿಗೆ ಅದ್ರ ಕೈ ಹಿಡಿತ ಬರ್ತಿರ್ಲಿಲ್ಲ. ಹಾಲು ತುಪ್ಪಕ್ಕೂ ಹೋಗಕ್ಕಾಗ್ಲಿಲ್ಲ. ನಿನಗೆ ಆವತ್ತು ಜ್ವರ."

ಕುಸುಮಾಗೆ ಇದು ಗೊತ್ತಿರಲಿಲ್ಲ. ಅಜ್ಜಿ ಸತ್ತಾಗ ತಾನು ಎಂಟನೇ ಕ್ಲಾಸೋ ಒಂಬತ್ತೋ. ಅಮ್ಮ ಅಂದು ಸಂಜೆ ಬಂದು, ಕೈಕಾಲು ತೊಳೆದು, ಎಂದಿನ ಹಾಗೆ ಸಿರಿಂಜು ಬೆಳಕಿಗೆ ಹಿಡಿದು ಗುಳ್ಳೆ ಹೋಗಿಸಿ ಚುಚ್ಚಿದ್ದು ನೆನಪಾಯಿತು. ಅತ್ತಿದ್ದು ನೆನಪಿಗೆ ಬರಲಿಲ್ಲ. ಬಚ್ಚಲ ಬಾಗಿಲಿನ ಒಳಗಿದ್ದ ತನಗೆ ಎಷ್ಟು ಉಸಿರು ಕಟ್ಟುತ್ತಿತ್ತೋ, ಹೊರಗೆ ಬೆನ್ನು ಕೊಟ್ಟು ಕೂತವಳಿಗೂ ಅಷ್ಟೇ ಕಟ್ಟಿರಬೇಕಲ್ಲವೇ ಎಂದು ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಅವಳು ಕೈಯಲ್ಲಿದ್ದ ಸಿಪ್ಪೆಯನ್ನೇ ಹಿಸುಕುತ್ತ ಕೂತಳು.

"ಅಮ್ಮ, ಆ ಪಂಪಿದ್ರೆ ನೀನು ಕುದೂರಿಗೆ ಹೋಗಿ ಇರ್ತೀಯಾ?"

ಮುನಿತಾಯಮ್ಮ ಇನ್ನೊಂದು ಹಿಡಿ ಕಾಳು ಎತ್ತಿಕೊಂಡಳು. "ಭೈರ ನೋಡ್ಕೊಂತಾನೆ ಅಂದ್ರೆ ಹೋಗ್ಬೋದು. ಅವನ ಫೋನಿಗೆ ಬತ್ತದಲ್ಲ."

ಕುಸುಮಾ ಹೊಸ ಪಂಪನ್ನೇ ಆರಿಸಿಕೊಂಡಳು. ತಮ್ಮನ ಫೋನಿಗೆ ಹೋಗುವ ಹಾಗೆಯೇ. ಡಾಕ್ಟರ್ ಭುವನೇಶ್ವರಿ ಕಾಗದಕ್ಕೆ ಸಹಿ ಹಾಕುವ ಮುಂಚೆ, "ಇದು ನಿಮ್ಮ ಮನಸ್ಸಿನಿಂದನ ಏನ್ರಿ?" ಎಂದು ಕೇಳಿದರು. ಅವಳು ಹೌದೆಂದಳು. ಹೌದೂ ಆಗಿತ್ತು, ಅಲ್ಲವೂ ಆಗಿತ್ತು. ಭೈರೇಶನಿಗೆ ಸಂತೋಷವೋ ಸಂತೋಷ. ಬರುವ ದಾರಿಯಲ್ಲಿ ದೇವಸ್ಥಾನದ ಮುಂದೆ ಕಾರು ನಿಲ್ಲಿಸಿ ಪಂಪಿನ ಡಬ್ಬಕ್ಕೂ ಪೂಜೆ ಮಾಡಿಸಿದ. ಭಾನುವಾರಗಳು ಮುಗಿದುಹೋದವು. ಮಧ್ಯಾಹ್ನ ಅಂಗಡಿ ಮುಚ್ಚುವ ಹೊತ್ತಿಗೆ ಅವನೇ ಕಾರು ತಂದು ಎದುರಿಗೆ ನಿಲ್ಲಿಸುತ್ತಿದ್ದ.

ಆದರೂ ಮುನಿತಾಯಮ್ಮ ಕುದೂರಿಗೆ ಹೊರಡಲು ಮತ್ತೆರಡು ತಿಂಗಳು ಹಿಡಿಯಿತು. ಗೃಹಪ್ರವೇಶ ಎಂದೋ ಆಗಿಹೋಗಿತ್ತು. ಒಂದು ಸೋಮವಾರ ಬೆಳಿಗ್ಗೆ, ಬ್ಯಾಗಿನಲ್ಲಿ ನಾಲ್ಕು ಸೀರೆ ತುಂಬಿಕೊಂಡು, ಭೈರೇಶನಿಗೆ ಹತ್ತು ಸಲ ಹೇಳಿ, ಶಿಲ್ಪಾಗೆ ಹತ್ತು ಸಲ ಹೇಳಿ ಆಕೆ ಬಸ್ಸು ಹತ್ತಿದಳು.

ಆ ವಾರದ ಗುರುವಾರ ಅದು ನಡೆದದ್ದು. ಕುಸುಮಾ ಬೆಳಿಗ್ಗೆ ನಳಿಗೆ ಬದಲಿಸಿ ಹೊಟ್ಟೆಯ ಬೇರೆ ಕಡೆ ಚುಚ್ಚಿಕೊಂಡಿದ್ದಳು. ಅಂಗಡಿಗೆ ಬಂದ ಸ್ವಲ್ಪ ಹೊತ್ತಿಗೆ ಸಕ್ಕರೆ ಏರತೊಡಗಿತು. ತಿಂಡಿಯ ಲೆಕ್ಕ ತಪ್ಪಿರಬೇಕೆಂದು ಪಂಪಿನಿಂದ ಇನ್ನಷ್ಟು ಇನ್ಸುಲಿನ್ ಹಾಕಿಸಿದಳು. ಇಳಿಯಲಿಲ್ಲ. ಮುನ್ನೂರು ದಾಟಿತು. ಮತ್ತೆ ಕುಂಯ್‌ಗುಟ್ಟಿತು. ನಾಲಿಗೆ ಒಣಗಿ, ಹೊಟ್ಟೆ ತೊಳಸುತ್ತಿತ್ತು. ಎದುರಿಗೆ ಕೂತಿದ್ದ ಗಿರಾಕಿಯ ಕನ್ನಡಕದ ಸಣ್ಣ ಸ್ಕ್ರೂ ಕೈಯಿಂದ ಜಾರಿ ಬಿತ್ತು. ಆಗ ಅವಳಿಗೆ ನಳಿಗೆಯ ಮೇಲೆ ಅನುಮಾನ ಬಂತು. ಒಳಗಿನ ಕೋಣೆಗೆ ಹೋಗಿ ಕಿತ್ತು ನೋಡಿದರೆ, ಚರ್ಮದೊಳಗೆ ಹೋಗಬೇಕಾದ ತುದಿ ಮಡಚಿಕೊಂಡುಬಿಟ್ಟಿತ್ತು. ಬೆಳಗಿನಿಂದ ಒಂದು ಹನಿಯೂ ಸರಿಯಾಗಿ ಒಳಗೆ ಹೋಗಿರಲಿಲ್ಲ.

ಡಾಕ್ಟರು ಹೇಳಿಕೊಟ್ಟಿದ್ದಂತೆ ಚೀಲದಲ್ಲಿದ್ದ ಪೆನ್ನಿನಿಂದ ತೊಡೆಗೆ ಇನ್ಸುಲಿನ್ ಚುಚ್ಚಿಕೊಂಡಳು. ಹೊಸ ನಳಿಗೆ ಹಾಕಿಕೊಂಡಳು. ನೀರು ಕುಡಿದು, ಲೆನ್ಸಿನ ಡಬ್ಬಗಳ ಪಕ್ಕದ ಸ್ಟೂಲಿನ ಮೇಲೆ ಗೋಡೆಗೊರಗಿ ಕೂತಳು. ಕ್ಲಿನಿಕ್ಕಿಗೂ ಫೋನು ಮಾಡಿದಳು. ಶ್ಯಾಮಸುಂದರ ಅವರು ಬಾಗಿಲಲ್ಲಿ ನಿಂತು, "ಮನೆಗೆ ಹೇಳ್ಲಾ ತಾಯಿ?" ಎಂದು ಕೇಳಿದರು.

"ಬೇಡ ಸಾರ್. ಅವರೇ ಫೋನ್ ಮಾಡ್ತಾರೆ" ಎಂದಳು.

ಮಾಡಲಿಲ್ಲ. ಸಕ್ಕರೆ ನಿಧಾನವಾಗಿ ಇಳಿಯತೊಡಗಿತು, ಮಧ್ಯಾಹ್ನವಾಯಿತು, ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಮೊದಲು ಅವಳಿಗೆ ಭಯವಾಯಿತು, ಭೈರೇಶನಿಗೇ ಏನಾದರೂ ಆಯಿತೇ ಎಂದು. ಅವನ ನಂಬರಿಗೆ ಮಾಡಿದಳು.

"ಹೇಳಕ್ಕ. ರಿಜಿಸ್ಟ್ರಾರ್ ಆಫೀಸಲ್ಲಿದೀನಿ. ಏನಾದ್ರೂ ಬೇಕಿತ್ತಾ?"

"ಏನಿಲ್ಲ. ಸುಮ್ನೆ ಮಾಡ್ದೆ."

ಸಂಜೆ ಅಡುಗೆಮನೆಯಲ್ಲಿ ಶಿಲ್ಪಾಳನ್ನು ಕೇಳಿದಾಗ ಗೊತ್ತಾಯಿತು. ಶಿಲ್ಪಾ ಕೊತ್ತಂಬರಿ ಹೆಚ್ಚುತ್ತ, ತುಸು ಅಳುಕಿನಿಂದಲೇ ಹೇಳಿದಳು.

"ಅವ್ರಿಗೆ ಸೈಟ್ ಕೊಳ್ಳೋ ಪಾರ್ಟಿಗಳ ಮುಂದೆ ಕೂತಿದ್ದಾಗೆಲ್ಲ ನಿಮ್ಮ ನಂಬರಿನ ಅಲಾರಂ ಬಡ್ಕೊಳ್ತಿತ್ತು ಅಕ್ಕ. ತಲೆ ಕೆಟ್ಹೋಗುತ್ತೆ ಅಂತ ನನ್ನ ಫೋನಿಗೆ ಹಾಕಿಕೊಟ್ರು. ನನಗೂ ಮಗು ಮಲಗಿಸೋ ಹೊತ್ತಲ್ಲಿ... ಸೌಂಡ್ ತೆಗ್ದಿದೀನಿ. ಆವಾಗಾವಾಗ ನೋಡ್ತಿರ್ತೀನಿ. ಇವತ್ತು ನೋಡಕ್ಕಾಗ್ಲಿಲ್ಲ. ಅತ್ತೆಗೆ ಹೇಳ್ಬೇಡಿ, ಪ್ಲೀಸ್."

"ಯಾವಾಗಿಂದ?"

"ಒಂದು ತಿಂಗಳಾಯ್ತೇನೋ."

ಕುಸುಮಾ ತನ್ನ ಕೋಣೆಗೆ ಬಂದಳು. ಒಂದು ತಿಂಗಳಿನಿಂದ ಅವಳನ್ನು ಯಾರೂ ಕಾಯುತ್ತಿರಲಿಲ್ಲ. ಫೋನು ಬರುವುದು ಕಡಿಮೆಯಾದಾಗ, ಅಂಕಿಗಳು ಹದ್ದುಬಸ್ತಿನಲ್ಲಿವೆಯಲ್ಲ, ಅದಕ್ಕೇ ಎಂದುಕೊಂಡಿದ್ದಳು. ಅಷ್ಟು ದಿನವೂ ಅವಳು, ನೋಡುತ್ತಿದೆಯೆಂದುಕೊಂಡ ಕಣ್ಣೊಂದಕ್ಕೆ ಹೆದರಿ, ಬೋಂಡಾ ಒಂದನ್ನೂ ತಿಂದಿರಲಿಲ್ಲ, ಅಂಗಡಿಯಿಂದ ಆಚೆ ಈಚೆ ಹೆಜ್ಜೆ ಇಟ್ಟಿರಲಿಲ್ಲ. ಖುಷಿಯಾಗಬೇಕಿತ್ತು. ಆಗಲಿಲ್ಲ. ಅಷ್ಟು ದೊಡ್ಡ ಏರಿಕೆಯಲ್ಲಿ ತಾನೊಬ್ಬಳೇ ಇದ್ದೆ, ಯಾರಿಗೂ ಗೊತ್ತೇ ಇರಲಿಲ್ಲ ಎಂದು ಈಗ ಹೆದರಿಕೆಯಾಯಿತು. ಆಮೇಲೆ ಭೈರೇಶನ ಮೇಲೆ ಕೋಪ ಬಂತು. ಅದೂ ಹೆಚ್ಚು ಹೊತ್ತು ನಿಲ್ಲಲಿಲ್ಲ. ತಾಯಿ ಎಷ್ಟೋ ವರ್ಷ ಹೊತ್ತದ್ದನ್ನು ಅವನಿಗೆ ಎರಡು ತಿಂಗಳೂ ಹೊರಲಾಗಲಿಲ್ಲ. ತಾನಾದರೂ ಹೊರುತ್ತಿದ್ದಳೇ? ಗೊತ್ತಿಲ್ಲ.

ಫೋನು ಬಂತು. ಕುದೂರಿನಿಂದ.

"ಊಟ ಆಯ್ತೇನೇ?" ಮುನಿತಾಯಮ್ಮನ ದನಿ ಬೇರೆಯೇ ಆಗಿತ್ತು, ಹಿಂದೆ ಹೆಂಗಸರು ನಗುತ್ತಿದ್ದರು. "ಇಲ್ಲಿ ನಿಮ್ಮ ಚಿಕ್ಕಮ್ಮ ನನ್ನ ಬಿಡ್ತಾನೇ ಇಲ್ಲ ಕಣೇ. ಬೆಳಿಗ್ಗೆ ಹುಣಸೆಹಣ್ಣು ಬಿಡಿಸ್ತಾ ಕೂತಿದ್ವಿ, ಚಿಕ್ಕೋರಾಗಿದ್ದಾಗ ಮಾಡಿದ್ದೆಲ್ಲ ನೆನೆಸ್ಕೊಂಡು ನಕ್ಕಿದ್ದೇ ನಕ್ಕಿದ್ದು. ಮಧ್ಯಾಹ್ನ ಮಲಗಿದೋಳು ಹೊತ್ತು ಮುಳುಗೋ ತನಕ ಎದ್ದಿಲ್ಲ ನೋಡು! ಹಂಗೆ ಮಲಗಿ ಎಷ್ಟ್ ಕಾಲ ಆಗಿತ್ತೋ." ಆಮೇಲೆ ದನಿ ತಗ್ಗಿಸಿದಳು. "ಇವತ್ತೆಲ್ಲ ಸರಿ ಇತ್ತಾ? ಭೈರ ನೋಡ್ತಾ ಇದಾನಾ?"

ಕುಸುಮಾ ಸೊಂಟದ ಪಂಪಿನ ಮೇಲೆ ಕೈಯಿಟ್ಟುಕೊಂಡಳು. ಹೇಳಿಬಿಟ್ಟರೆ ತಾಯಿ ನಾಳೆಯ ಮೊದಲ ಬಸ್ಸಿಗೇ ಬರುತ್ತಾಳೆ, ಮತ್ತೆಂದೂ ಹೋಗುವುದಿಲ್ಲ. ಹೇಳದಿದ್ದರೆ ಇನ್ನು ಮುಂದೆ ಪ್ರತಿದಿನವೂ ಇದೇ ಮಾತನ್ನು ತಾನೇ ಹೊಂದಿಸಿ ಹೇಳುತ್ತಿರಬೇಕು. ಬಿದ್ದರೂ ಎದ್ದರೂ ಒಬ್ಬಳೇ.

"ಹೂಂ ಅಮ್ಮ, ನೋಡ್ತಾನೇ ಇದಾನೆ. ಮಧ್ಯಾಹ್ನಾನೂ ಫೋನ್ ಮಾಡಿದ್ದ."

"ಹಂಗಾದ್ರೆ ಇನ್ನೊಂದೆರಡು ದಿನ ಇದ್ದು ಬರ್ಲಾ?"

"ಇದ್ದು ಬಾ. ಅವಸರ ಏನಿದೆ."

ಫೋನಿಟ್ಟು ಅವಳು ಅಡುಗೆಮನೆಗೆ ಹೋದಳು. ಶಿಲ್ಪಾ ತಲೆಯೆತ್ತಿ ನೋಡಿದಳು. ಕುಸುಮಾ ತಟ್ಟೆ ತೆಗೆದುಕೊಂಡು, ಮುದ್ದೆಯನ್ನು ಅರ್ಧ ಮುರಿದಿಟ್ಟುಕೊಂಡು, ಅದಕ್ಕೆಷ್ಟು ಇನ್ಸುಲಿನ್ ಬೇಕಾಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಪಂಪಿನ ಗುಂಡಿ ಒತ್ತಿದಳು.